ಗುಣಿಸಿ ನೋಡು

ಉತ್ತರ ಕನ್ನಡದ ಕರಾವಳಿಯಲ್ಲಿ ನೆಲವೆಂಬುದು ಧಾರಾಳವಾಗಿ ದೊರೆತ ಪದಾರ್ಥವಲ್ಲ. ಮೂಡಣದಲ್ಲಿ ಸಹ್ಯಾದ್ರಿ, ಪಡುವಣದಲ್ಲಿ ಅರಬ್ಬೀ ಸಮುದ್ರ, ಇವೆರಡರ ನಡುವೆ ಅಲ್ಲಲ್ಲಿ ಗುಡ್ಡ ನುಗ್ಗಿ ಇನ್ನಷ್ಟು ಇಕ್ಕಟ್ಟಾದ ಒಂದು ಪಟ್ಟಿ. ಆ ಪಟ್ಟಿಯನ್ನೂ ಶರಾವತಿ ಅಘನಾಶಿನಿಗಳಂಥ ನದಿಗಳು ತಮ್ಮ ಅಳಿವೆಗಳಿಂದ ತುಂಡರಿಸಿವೆ. ಆದುದರಿಂದ ಭಟ್ಕಳದಿಂದ ಹೊರಟು ಹೊನ್ನಾವರದ ಮೇಲೆ ಕುಮಟೆಯವರೆಗೆ ಪ್ರಯಾಣ ಮಾಡುವವನ ಕಣ್ಣಿಗೆ, ಗದ್ದೆಯಾಗಲಿ, ಅಡಕೆಯ ತೋಟವಾಗಲಿ, ಉಪ್ಪಿನ ಆಗರವಾಗಲಿ, ಮನುಷ್ಯನು ಅಳೆದು, ಬದು ಹಾಕಿ, ಉದ್ದಗಲಗಳ ಲೆಕ್ಕದಲ್ಲಿ ಹಿಡಿದಿಟ್ಟ ನೆಲವೇ ಹೆಚ್ಚಾಗಿ ಬೀಳುವುದು. ನಾನು ಬಹುಕಾಲ ಬೀಜಗಣಿತವನ್ನು ಕಲಿಸಿ ಉಂಡವನು. ಆ ಕಾರಣದಿಂದಲೋ ಏನೋ, ಅನ್ಯರು ಈ ದಾರಿಯಲ್ಲಿ ಹಸುರನ್ನೂ ಹಿನ್ನೀರನ್ನೂ ನೋಡಿ ಸಂತೋಷಪಡುವಲ್ಲಿ, ಬಸ್ಸಿನ ಕಿಟಕಿಯ ಬಳಿ ಕುಳಿತ ನನಗೆ ದ್ವಿಪದೋಕ್ತಿಗಳೇ, ಎಂದರೆ ಅ + ಬ ಎಂಬಂಥ ಎರಡು ಪದಗಳ ಉಕ್ತಿಗಳೇ, ಕಾಣಿಸುವವು. ಇದನ್ನು ಕೇಳಿ ನಗುವ ಸ್ನೇಹಿತರು ಉಂಟು. ಅಂಥವರನ್ನು ನಾನು ವಾದದಿಂದ ಗೆಲ್ಲಲು ಹೋಗದೆ, ಬೇಸಗೆಯ ಒಂದು ಮಧ್ಯಾಹ್ನ ಕುಮಟೆ ತಾಲೂಕಿನ ಸಾಣಿಕಟ್ಟಾಕ್ಕೆ ಕರೆದೊಯ್ಯುತ್ತೇನೆ.

ಅಘನಾಶಿನಿಯ ಅಳಿವೆಯೊಳಕ್ಕೆ ಉಬ್ಬರದೊಡನೆ ಏರಿ ಬರುವ ಉಪ್ಪುನೀರನ್ನು ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಆರಗೊಟ್ಟು, ಉಳಿದ ಹರಳನ್ನು ಬಳಿದು ರಾಶಿ ಹಾಕುವುದು ಅಲ್ಲಿಯ ಆಗರದ ಕೆಲಸ. ಅಲ್ಲಿಯ ಒಂದು ದೊಡ್ಡ ಆಯತಾಕಾರದ ಪಾತಿಯನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಅದರ ಉದ್ದವನ್ನು ಒಂದು ಅಡ್ಡಬದುವು ಅ ಎಂದೂ ಬ ಎಂದೂ ಎರಡು ಭಾಗ ಮಾಡಿದೆ. ಅಗಲವನ್ನು ಇನ್ನೊಂದು ಬದುವು ಕ ಎಂದೂ ಡ ಎಂದೂ ಎರಡು ಮಾಡಿದೆ. ಇಡಿಯ ಪಾತಿಯ ವಿಸ್ತೀರ್ಣವನ್ನು ಕೇಳಿದರೆ (ಅ + ಬ)(ಕ + ಡ) ಎಂದು ಹೇಳಬಹುದು. ಎರಡು ಬದುಗಳು ಒಂದನ್ನೊಂದು ಕತ್ತರಿಸಿದುದರಿಂದ ಆದ ನಾಲ್ಕು ಚಿಕ್ಕ ಪಾತಿಗಳನ್ನು ಬೇರೆ ಬೇರೆಯಾಗಿ ಎಣಿಸಿ ಅಕ + ಅಡ + ಬಕ + ಬಡ ಎಂದೂ ಹೇಳಬಹುದು. ನೆಲ ಒಂದೇ, ಉಪ್ಪು ಒಂದೇ, ಹೇಳುವ ಬಗೆ ಎರಡು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವುದನ್ನು ಗುಣಾಕಾರವೆಂದೂ, ಎರಡನೆಯದರಿಂದ ಮೊದಲನೆಯದಕ್ಕೆ ಹಿಂದಿರುಗುವುದನ್ನು ಅಪವರ್ತನವೆಂದೂ ನಮ್ಮ ಪಠ್ಯಪುಸ್ತಕಗಳು ಕರೆಯುತ್ತವೆ. ಈ ಹೋಗಿಬರುವಿಕೆಯ ಸುಖದುಃಖಗಳನ್ನು ಕುರಿತೇ ನಾನು ಈಗ ಬರೆಯಹೊರಟಿರುವುದು.

ಹೋಗುವುದರಲ್ಲಿ ಅಪಾಯವೊಂದೇ, ಯಾರನ್ನಾದರೂ ಮರೆಯುವುದು. ನಮ್ಮ ಕಡೆಯ ಮದುವೆಗಳಲ್ಲಿ ದಿಬ್ಬಣ ಬಂದಿಳಿದೊಡನೆ, ಹೆಣ್ಣಿನ ಕಡೆಯ ಹಿರಿಯರಲ್ಲಿ ಪ್ರತಿಯೊಬ್ಬರೂ ಗಂಡಿನ ಕಡೆಯ ಹಿರಿಯರಲ್ಲಿ ಪ್ರತಿಯೊಬ್ಬರನ್ನೂ ಮಾತಾಡಿಸಿ, ಬೆಲ್ಲ-ನೀರು ಬೇಕೇ ಎಂದು ವಿಚಾರಿಸತಕ್ಕದ್ದು. ಈ ಕಡೆ ಇಬ್ಬರು, ಆ ಕಡೆ ಇಬ್ಬರಾದರೆ ನಾಲ್ಕು ವಿಚಾರಣೆಗಳು ನಡೆಯಬೇಕು, ಮೂರು ನಡೆದು ಒಂದು ತಪ್ಪಿತೋ, ಆ ತಪ್ಪಿದ ಒಂದರ ಮಾತು ಮೊಮ್ಮಕ್ಕಳ ಕಾಲದವರೆಗೆ ನಡೆಯುವುದು. ದ್ವಿಪದೋಕ್ತಿಗಳೂ ಇದೇ ಸ್ವಭಾವದವು. (ಅ + ಬ)² ಎಂಬುದನ್ನು ಬಿಡಿಸೆಂದರೆ ಅ² + ಬ² ಎಂದು ಬರೆದು ಧೈರ್ಯವಾಗಿ ತಲೆಯೆತ್ತಿ ನೋಡುವ ಬಾಲಕನು ಪ್ರತಿ ತರಗತಿಯಲ್ಲಿಯೂ, ಪ್ರತಿ ವರ್ಷವೂ ಇರುತ್ತಾನೆ; ಬಾಲಕರು ಬದಲಾಗುವರಲ್ಲದೆ ಆ ಬರೆವಣಿಗೆ ಬದಲಾಗುವುದಿಲ್ಲ. ಅವನಿಗೆ ಸೂತ್ರವನ್ನು ಮತ್ತೊಮ್ಮೆ ಬಾಯಿಪಾಠ ಮಾಡಿಸುವುದಕ್ಕಿಂತ, ಹನ್ನೆರಡರ ವರ್ಗವೆಷ್ಟೆಂದು ಕೇಳುವುದು ಲೇಸು. ಮಗ್ಗಿ ಬಲ್ಲ ಅವನು 144 ಎನ್ನುತ್ತಾನೆ. ಹನ್ನೆರಡನ್ನು 10 + 2 ಎಂದು ಬರೆದು ಅವನದೇ ನಿಯಮದಂತೆ ಮಾಡಿಸಿದರೆ 100 + 4, ಅಂದರೆ 104 ಬರುತ್ತದೆ, ನಲವತ್ತು ಕಾಣೆ. ಆ ನಲವತ್ತು ಎಲ್ಲಿಗೆ ಹೋಯಿತೆಂದು ಹುಡುಕುತ್ತ ಹೊರಟವನು, ಹತ್ತರ ಚೌಕಕ್ಕೂ ಎರಡರ ಚೌಕಕ್ಕೂ ಮಗ್ಗುಲಲ್ಲಿ ಮಲಗಿರುವ ಹತ್ತು-ಎರಡರ ಎರಡು ನೀಳವಾದ ಪಾತಿಗಳನ್ನು ತಾನಾಗಿ ಕಂಡುಕೊಂಡರೆ, 2ಅಬ ಎಂಬ ಮಧ್ಯಪದವನ್ನು ಆಜನ್ಮ ಮರೆಯನು.

ಕಳೆಯುವ ಚಿಹ್ನೆಯೊಂದು ಆವರಣದೊಳಗೆ ಕಾಲಿಟ್ಟಾಗ ಸಂದೇಹವು ಇನ್ನೂ ಗಾಢವಾಗುವುದು. ಋಣವನ್ನು ಋಣದಿಂದ ಗುಣಿಸಿದರೆ ಧನವಾಗುವುದೆಂದು ಬ್ರಹ್ಮಗುಪ್ತನು 628ರಷ್ಟು ಹಿಂದೆಯೇ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ವಿಧಿಸಿದ್ದಾನಾದರೂ, ಒಬ್ಬರ ಸಾಲವನ್ನು ಇನ್ನೊಬ್ಬರ ಸಾಲದಿಂದ ಗುಣಿಸಿ ಶ್ರೀಮಂತನಾದವನನ್ನು ಪೇಟೆಯಲ್ಲಿ ಕಂಡಿರದ ಮಗುವಿಗೆ ಆ ವಿಧಿ ಒಗಟಾಗಿಯೇ ತೋರುವುದು ಸಹಜ. ಇಲ್ಲಿಯೂ ಆಗರವೇ ಗತಿ. ಉದ್ದಗಲಗಳಲ್ಲಿ ಹತ್ತು ಹತ್ತು ಮಾರಿನ ಚೌಕವಾದ ಪಾತಿ; ವಿಸ್ತೀರ್ಣ 100. ಒಂದು ಪಕ್ಕದಲ್ಲಿ ಎರಡು ಮಾರು, ಮಗ್ಗುಲ ಪಕ್ಕದಲ್ಲಿ ಮೂರು ಮಾರು ನೆಲವನ್ನು ದಾರಿಗೆಂದು ಬಿಡಬೇಕಾಯಿತೆನ್ನಿ. ಉಳಿಯುವುದು ಎಂಟು ಏಳಲೆ ಐವತ್ತಾರು. ಕಣ್ಣಿಗೆ ಕಾಣುವ ಸತ್ಯವಿದು. ಲೆಕ್ಕದಿಂದ ಹೋದರೆ, ಮೊದಲ ಪಟ್ಟಿಗೆ 20, ಎರಡನೆಯ ಪಟ್ಟಿಗೆ 30, ಒಟ್ಟು 50 ಕಳೆದು 50 ಉಳಿಯಬೇಕಾಗಿತ್ತು. ಆರು ಹೆಚ್ಚಾಗಿ ಉಳಿದುದೇಕೆ? ಎರಡು ಪಟ್ಟಿಗಳೂ ಕೂಡುವ ಮೂಲೆಯಲ್ಲಿ ಎರಡು-ಮೂರರ ಒಂದು ತುಂಡು ನೆಲವಿದೆ. ಅದನ್ನು ನಾವು ಒಂದು ಪಟ್ಟಿಯೊಡನೆ ಒಮ್ಮೆ, ಇನ್ನೊಂದು ಪಟ್ಟಿಯೊಡನೆ ಮತ್ತೊಮ್ಮೆ ಕಳೆದೆವು. ಎರಡು ಬಾರಿ ಕಳೆದುದನ್ನು ಒಂದು ಬಾರಿ ಹಿಂದಿರುಗಿಸಬೇಕೆಂಬ ನ್ಯಾಯವೇ (10 − 2)(10 − 3) ಎಂಬುದರ ಕೊನೆಯಲ್ಲಿ ನಿಂತಿರುವ ಆ + 6. ಬ್ರಹ್ಮಗುಪ್ತನ ವಿಧಿಯು ಹೀಗೆ ಅಪ್ಪಣೆಯ ರೂಪವನ್ನು ಬಿಟ್ಟು ನ್ಯಾಯದ ರೂಪವನ್ನು ತಾಳಿದ ಮೇಲೆ, ಮಕ್ಕಳು ಅದನ್ನು ವಿಧೇಯತೆಯಿಂದಲ್ಲ, ಒಪ್ಪಿಗೆಯಿಂದ ಪಾಲಿಸುವರು.

ಸೂತ್ರಗಳ ಹೆಸರನ್ನು ಕೇಳದವರು ಅವನ್ನು ಬಳಸರೆಂದು ಮಾಸ್ತರರಾದ ನಾವು ಭಾವಿಸಿಕೊಂಡಿರುವುದುಂಟು. ಆ ಭಾವನೆಯನ್ನು ಬಿಡಿಸಬೇಕಾದರೆ ಭಟ್ಕಳದ ಪೇಟೆಗೆ ಹೋಗಬೇಕು. ವಿಜಯನಗರದ ಅರಸರ ಕಾಲದಲ್ಲಿ ಅರಬಸ್ಥಾನದ ಕುದುರೆಗಳು ಬಂದಿಳಿಯುತ್ತಿದ್ದ ಬಂದರು ಅದು. ವ್ಯಾಪಾರವು ಅಲ್ಲಿ ತಲೆಮಾರುಗಳಿಂದ ಸಾಗಿಬಂದ ವಿದ್ಯೆ. ಒಮ್ಮೆ ಶಾಲೆಯ ನಾಟಕಕ್ಕೆ ಪರದೆಯ ಬಟ್ಟೆಯನ್ನು ಕೊಳ್ಳಲು ಅಲ್ಲಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಗಲ್ಲೆಯ ಮೇಲೆ ಕುಳಿತಿದ್ದ ಹಿರಿಯರು ಮಗನೊಡನೆ ನವಾಯತಿಯಲ್ಲಿಯೂ ನನ್ನೊಡನೆ ಕನ್ನಡದಲ್ಲಿಯೂ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದವರು. ಮೀಟರಿಗೆ 42 ರೂಪಾಯಿಯಂತೆ 38 ಮೀಟರು ಬಟ್ಟೆ ಹರಿದು ಕೊಟ್ಟದ್ದಾಯಿತು. ನಾನು ಕಿಸೆಯಿಂದ ಲೇಖನಿಯನ್ನು ತೆಗೆಯುವಷ್ಟರಲ್ಲಿ ಅವರು, “ಸಾವಿರದ ಐನೂರಾ ತೊಂಬತ್ತಾರು” ಎಂದರು.

“ಅದು ಹೇಗೆ ಮಾಡಿದಿರಿ, ಸಾಹೇಬರೇ?” ಎಂದು ಕೇಳಿದೆ.

“ಅದೇನು ದೊಡ್ಡ ಲೆಕ್ಕ, ಮಾಸ್ತರ್ರೇ? ನಲವತ್ತು ನಲವತ್ಲೆ ಹದಿನಾರು ನೂರು. ಒಂದು ಕಡೆ ಎರಡು ಹೆಚ್ಚು, ಒಂದು ಕಡೆ ಎರಡು ಕಮ್ಮಿ. ಎರಡೆರಡ್ಲೆ ನಾಲ್ಕು ಬಿಟ್ಟರಾಯ್ತು.”

ನಾನು ದಿನಗಟ್ಟಲೆ ಕರಿಹಲಗೆಯ ಮುಂದೆ ನಿಂತು (ಅ + ಬ)(ಅ − ಬ) = ಅ² − ಬ² ಎಂದು ಪ್ರತಿಪಾದಿಸುತ್ತಿದ್ದ ತತ್ವವನ್ನು ಅವರು ಬಟ್ಟೆಯನ್ನು ಮಡಿಸುತ್ತ ಮಡಿಸುತ್ತ ಮುಗಿಸಿಬಿಟ್ಟಿದ್ದರು. ಇಲ್ಲಿ ಮಧ್ಯಪದವಿಲ್ಲವಷ್ಟೆ, ಇಲ್ಲವೆಂದರೆ ಹುಟ್ಟಲೇ ಇಲ್ಲವೆಂದಲ್ಲ, ಒಂದು ಅಬ ಕೂಡಿಕೊಂಡು ಬಂದಿತು, ಇನ್ನೊಂದು ಅಬ ಕಳೆದುಕೊಂಡು ಬಂದಿತು, ಎರಡೂ ಪರಸ್ಪರ ತೀರಿಹೋದುವು. ಜಮೆಯನ್ನೂ ಖರ್ಚನ್ನೂ ದಿನವೂ ಎದುರೆದುರಾಗಿ ಬರೆಯುವ ವ್ಯಾಪಾರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದಿದ್ದುದು ಆಶ್ಚರ್ಯವಲ್ಲ.

ಆ ಅಂಗಡಿಯಿಂದ ಹೊರಬಿದ್ದು ಭಟ್ಕಳದ ಹಳೆಯ ಬೀದಿಯಲ್ಲಿ ನಡೆಯುತ್ತ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯ ಶಿಲೆಯ ಮಾಡಿನ ಮುಂದೆ ನಿಂತಾಗ ನನಗೆ ನೆನಪಾದವನು ಇನ್ನೊಬ್ಬ ಜೈನ, ಮಹಾವೀರಾಚಾರ್ಯ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದ ಕಾಲದಲ್ಲಿ, ಸುಮಾರು 850ರಲ್ಲಿ, ಅವನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಒಂದು ಸಂಖ್ಯೆಯ ವರ್ಗವನ್ನು ಪಡೆಯಲು ಹಲವು ಉಪಾಯಗಳಿವೆ. ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು ಒಂದು. ಇಷ್ಟಬಂದ ಒಂದು ಸಂಖ್ಯೆಯನ್ನು ಅದರಿಂದ ಕಳೆದು ಒಂದೆಡೆ, ಅದಕ್ಕೆ ಕೂಡಿ ಒಂದೆಡೆ ಇರಿಸಿ, ಅವೆರಡನ್ನು ಗುಣಿಸಿ, ಆ ಇಷ್ಟಸಂಖ್ಯೆಯ ವರ್ಗವನ್ನು ಸೇರಿಸುವುದು ಇನ್ನೊಂದು. ಒಂದರಿಂದ ಮೊದಲಾಗಿ ಎರಡೆರಡು ಹೆಚ್ಚುತ್ತ ಹೋಗುವ ಬೆಸಸಂಖ್ಯೆಗಳನ್ನು ಅಷ್ಟು ಪದಗಳವರೆಗೆ ಕೂಡುವುದು ಮತ್ತೊಂದು. ಎರಡನೆಯ ಉಪಾಯದಿಂದ 38ರ ವರ್ಗ ಬೇಕಾದರೆ 36ನ್ನು 40ರಿಂದ ಗುಣಿಸಿ ನಾಲ್ಕು ಸೇರಿಸಿ 1444 ಎನ್ನುವುದು. ಬಟ್ಟೆಯಂಗಡಿಯ ಹಿರಿಯರ ಲೆಕ್ಕವನ್ನೇ ಹಿಂದುಮುಂದಾಗಿ ಹಿಡಿದರೆ ಆಚಾರ್ಯನ ಲೆಕ್ಕವಾಯಿತು. ಅವನಿಗೆ ಮುನ್ನೂರು ವರ್ಷಗಳ ತರುವಾಯ, 1150ರಲ್ಲಿ, ಸಹ್ಯಕುಲಾಚಲದ ಆಶ್ರಯದಲ್ಲಿದ್ದ ಊರಿನವನೆಂದು ತನ್ನನ್ನು ಹೇಳಿಕೊಂಡ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ವರ್ಗಗಳನ್ನು ಕೇಳುವಾಗ, 297ನ್ನು ಇನ್ನೂರ ತೊಂಬತ್ತೇಳೆಂದು ಹೇಳದೆ, ಮೂರು ಕಡಿಮೆಯಾದ ಮುನ್ನೂರೆಂದು ಹೇಳುತ್ತಾನೆ; 10005ನ್ನು ಐದು ಹೆಚ್ಚಾದ ಹತ್ತು ಸಾವಿರವೆನ್ನುತ್ತಾನೆ. ಪ್ರಶ್ನೆಯ ಪದಗಳಲ್ಲಿಯೇ ಉತ್ತರದ ಮಾರ್ಗವನ್ನು ಅಡಗಿಸಿಟ್ಟ ಈ ದಾಕ್ಷಿಣ್ಯವನ್ನು ನಮ್ಮ ಪ್ರಶ್ನಪತ್ರಿಕೆಗಳ ಕರ್ತೃಗಳು ಅನುಸರಿಸಿದರೆ ಎಷ್ಟು ಚೆನ್ನಾಗಿತ್ತು! ಮುನ್ನೂರರ ವರ್ಗ 90000. ಎರಡು ಪಟ್ಟಿಗಳಿಗೆ ಒಂಬೈನೂರರಂತೆ 1800 ಕಳೆದು, ಮೂಲೆಯ ಒಂಬತ್ತನ್ನು ಹಿಂದಿರುಗಿಸಿದರೆ 88209. ಅದೇ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ ಮೊದಲಾದ ಕೃತಿಗಳಿಂದ ಈ ವಿದ್ಯೆಯನ್ನು ಕನ್ನಡಕ್ಕೆ ತಂದನು. ಕನ್ನಡದಲ್ಲಿ ಲೆಕ್ಕ ಕಲಿಯುವುದು ಹೊಸಗಾಲದ ಸಾಹಸವೆಂದು ತಿಳಿದವರು ಇದನ್ನು ಗಮನಿಸಬೇಕು.

ಇಷ್ಟರವರೆಗೆ ಹೇಳಿದುದೆಲ್ಲ ಕ್ರಮವನ್ನು ಬಲ್ಲವನಿಗೆ ತಪ್ಪದೆ ಕೈಗೂಡುವ ಕೆಲಸ. ಅದನ್ನು ತಿರುಗಿಸಿ ಹಿಡಿದಾಗಲೇ ಬೀಜಗಣಿತವು ತನ್ನ ನಿಜವಾದ ಮುಖವನ್ನು ತೋರುವುದು. ಪಾತಿಯ ಒಳಬದುಗಳನ್ನೆಲ್ಲ ಅಳಿಸಿ, ಹೊರಗಿನ ಅಳತೆಯನ್ನೂ ಹೇಳದೆ, ಒಟ್ಟು ವಿಸ್ತೀರ್ಣವನ್ನು ಮಾತ್ರ ನಿಮ್ಮ ಕೈಯಲ್ಲಿಟ್ಟು, ಇದರ ಉದ್ದವೆಷ್ಟು, ಅಗಲವೆಷ್ಟು ಎಂದು ಕೇಳಿದಾಗ ಯಾವ ಕ್ರಮವೂ ನೇರವಾಗಿ ನೆರವಿಗೆ ಬರಲಾರದು. ಇದಕ್ಕೆ ನನಗೆ ಪ್ರಿಯವಾದ ನಿದರ್ಶನವು ಹೊನ್ನಾವರದ್ದು. 1340ರ ದಶಕದಲ್ಲಿ ಆ ಪಟ್ಟಣವನ್ನು ಕಂಡ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತನು, ಅಲ್ಲಿ ಹುಡುಗಿಯರಿಗೆ 13 ಪಾಠಶಾಲೆಗಳೂ ಹುಡುಗರಿಗೆ 23 ಪಾಠಶಾಲೆಗಳೂ ಇದ್ದುವೆಂದೂ, ಇಂಥದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಬರೆದಿಟ್ಟಿದ್ದಾನೆ. ದಿಲ್ಲಿಯನ್ನು ಕಂಡು ಬಂದವನು, ಮೆಕ್ಕಾ ದಮಾಸ್ಕಸ್‌ಗಳನ್ನು ಕಂಡವನು, ಶರಾವತಿಯ ಮುಖದಲ್ಲಿಯ ಒಂದು ಸಣ್ಣ ಬಂದರಿನಲ್ಲಿ ಹುಡುಗಿಯರ ಶಾಲೆಗಳನ್ನು ಎಣಿಸುತ್ತ ನಿಂತನೆಂಬ ಸಂಗತಿಯು ಆ ಊರಿನ ಮಾಸ್ತರರಿಗೂ ಅಕ್ಕೋರುಗಳಿಗೂ ಇಂದಿಗೂ ಹೆಮ್ಮೆಯ ವಿಷಯವಾಗಿರತಕ್ಕದ್ದು.

ಒಂದೊಂದು ಹುಡುಗಿಯರ ಶಾಲೆಯೂ ಒಂದೊಂದು ಹುಡುಗರ ಶಾಲೆಗೆ ಒಂದು ಓಲೆಯನ್ನು ಕಳುಹಿಸಿತ್ತೆಂದು ಸುಮ್ಮನೆ ಕಲ್ಪಿಸಿಕೊಳ್ಳೋಣ. ಓಲೆಗಳೆಷ್ಟು? 23ಕ್ಕೂ 13ಕ್ಕೂ ನಡುವಣ ಸಂಖ್ಯೆ 18. ಒಂದು ಐದು ಹೆಚ್ಚು, ಒಂದು ಐದು ಕಡಿಮೆ. 324ರಲ್ಲಿ 25 ಕಳೆದು 299. ಇದು ಹೋಗುವ ದಾರಿ. ಈಗ ಶಾಲೆಗಳ ಸಂಖ್ಯೆಯನ್ನು ಮರೆತು, 299 ಓಲೆಗಳ ಕಟ್ಟನ್ನು ಮಾತ್ರ ಇಟ್ಟುಕೊಂಡವನು ಶಾಲೆಗಳ ಎಣಿಕೆಯನ್ನು ಹೇಗೆ ಪಡೆಯಬೇಕು? ಬತೂತನ ಭೇಟಿಗೆ ಕೆಲವೇ ವರ್ಷಗಳ ತರುವಾಯ, 1356ರಲ್ಲಿ, ನಾರಾಯಣ ಪಂಡಿತನು ಗಣಿತಕೌಮುದಿಯಲ್ಲಿ ಇದಕ್ಕೊಂದು ಉಪಾಯವನ್ನು ಹೇಳಿದನು. 299ಕ್ಕೆ ಒಳಗಾದ ಅತ್ಯಂತ ದೊಡ್ಡ ವರ್ಗ 289, ಅದರ ಮೂಲ 17, ಶೇಷ 10. ಮೂಲವನ್ನು ಇಮ್ಮಡಿಸಿ ಒಂದು ಕೂಡಿದರೆ 35; ಶೇಷವನ್ನು ಕಳೆದರೆ 25; ಇದು ತಾನೇ ಐದರ ವರ್ಗ. ಆದುದರಿಂದ ಹದಿನೇಳಕ್ಕೆ ಒಂದು ಕೂಡಿ ಪಡೆದ ಹದಿನೆಂಟಕ್ಕೆ ಐದನ್ನು ಕೂಡಿದರೆ 23, ಕಳೆದರೆ 13. ಮರೆತ ಶಾಲೆಗಳು ಮರಳಿ ಬಂದುವು. 25ರ ಸ್ಥಾನದಲ್ಲಿ ವರ್ಗವಲ್ಲದ ಸಂಖ್ಯೆ ಬಂದಿದ್ದರೆ 37, 39 ಎಂದು ಮುಂದಿನ ಬೆಸಸಂಖ್ಯೆಗಳನ್ನು ಒಂದೊಂದಾಗಿ ಕೂಡುತ್ತ, ವರ್ಗ ದೊರೆಯುವವರೆಗೆ ತಾಳ್ಮೆಯಿಂದ ನಡೆಯಬೇಕಾಗಿತ್ತು. ಫ್ರಾನ್ಸಿನ ಫರ್ಮಾ ಇದೇ ಉಪಾಯವನ್ನು 1643ರ ಸುಮಾರಿಗೆ ಸ್ವತಂತ್ರವಾಗಿ ಕಂಡುಕೊಂಡು, 2027651281 ಎಂಬ ಭಯಂಕರ ಸಂಖ್ಯೆಯನ್ನು 44021 ಮತ್ತು 46061 ಎಂದು ಒಡೆದು ತೋರಿಸಿದನು. ಭಟ್ಕಳದ ಹಿರಿಯರ ಮಾತಿನಲ್ಲಿ ಹೇಳುವುದಾದರೆ, 45041ಕ್ಕೆ ಒಂದು ಕಡೆ 1020 ಹೆಚ್ಚು, ಒಂದು ಕಡೆ 1020 ಕಮ್ಮಿ.

ಬತೂತನು ಬರೆದ ಅರಬ್ಬೀ ಭಾಷೆಯಲ್ಲಿಯೇ, ಅವನಿಗೆ ಐನೂರು ವರ್ಷಗಳ ಹಿಂದೆ, ಬಾಗ್ದಾದಿನ ಅಲ್-ಖ್ವಾರಿಜ್ಮಿಯು ಮತ್ತೊಂದು ಬಗೆಯ ಹಿಂದಿರುಗುವಿಕೆಯನ್ನು ಚಿತ್ರ ಬರೆದು ತೋರಿಸಿದ್ದನು. ಒಂದು ಚೌಕಕ್ಕೆ ಅದರ ಭುಜದ ಹತ್ತರಷ್ಟನ್ನು ಕೂಡಿದರೆ 39, ಭುಜವೆಷ್ಟು? ಅವನು ಆ ಹತ್ತನ್ನು ಐದೈದಾಗಿ ಎರಡು ಪಟ್ಟಿ ಮಾಡಿ ಚೌಕದ ಎರಡು ಮಗ್ಗುಲಿಗೆ ಅಂಟಿಸಿದನು. ಆಕೃತಿಯು ಚೌಕವಾಗಲು ಒಂದು ಮೂಲೆ ಮಾತ್ರ ಬಾಕಿ. ಐದೈದಲೆ ಇಪ್ಪತ್ತೈದನ್ನು ಆ ಮೂಲೆಗೆ ತುಂಬಿದರೆ 64. ಅದರ ಭುಜ ಎಂಟು, ಐದನ್ನು ಕಳೆದರೆ ಮೂರು. ಸಾಣಿಕಟ್ಟಾದ ಪಾತಿಯಲ್ಲಿ ನಾವು ಎರಡು ಬಾರಿ ಕಳೆದು ಹಿಂದಿರುಗಿಸಿದ ಮೂಲೆಯನ್ನೇ ಇವನು ಕೊರತೆಯೆಂದು ಗುರುತಿಸಿ ಭರ್ತಿಮಾಡಿದನು. ನೃಪತುಂಗನು ಪಟ್ಟಕ್ಕೆ ಬಂದ ದಿನಗಳಿಗೂ ಬಾಗ್ದಾದಿನ ಈ ಗ್ರಂಥಕ್ಕೂ ಕಾಲದಲ್ಲಿ ಹೆಚ್ಚಿನ ದೂರವಿಲ್ಲವೆಂಬುದು, ಕುದುರೆಯ ಹಡಗುಗಳು ಓಡಾಡಿದ ಈ ಸಮುದ್ರದ ದಡದಲ್ಲಿ ಕುಳಿತು ಆಲೋಚಿಸಲು ಯೋಗ್ಯವಾದ ಸಂಗತಿ.

ಆದರೆ ಅಪವರ್ತನದ ಪರಮಾರ್ಥವನ್ನು ನಾನು ಕಲಿತುದು ಈ ಮಹನೀಯರಿಂದಲ್ಲ. ನನ್ನ ಮೊಮ್ಮಗಳು ಕುಮಟೆಯ ಮನೆಯ ಜಗಲಿಯ ಮೇಲೆ ಪಟ್ಟಿಯನ್ನು ಹರಡಿಕೊಂಡು ಕುಳಿತಿದ್ದಳು. ಅವಳ ಮುಂದಿದ್ದುದು ಯ² + 11ಯ + 24. ಗುಣಿಸಿದರೆ 24, ಕೂಡಿದರೆ 11 ಆಗುವ ಎರಡು ಸಂಖ್ಯೆಗಳನ್ನು ಅವಳು ಹುಡುಕಬೇಕು. ಒಂದು ಇಪ್ಪತ್ನಾಲ್ಕು, ಕೂಡಿದರೆ ಇಪ್ಪತ್ತೈದು, ಆಗದು; ಎರಡು ಹನ್ನೆರಡು, ಹದಿನಾಲ್ಕು, ಆಗದು; ನಾಲ್ಕು ಆರು, ಹತ್ತು, ಸಮೀಪಕ್ಕೆ ಬಂದು ತಪ್ಪಿತು; ಮೂರು ಎಂಟು, ಹನ್ನೊಂದು. ಅವಳು (ಯ + 3)(ಯ + 8) ಎಂದು ಬರೆದು ನನ್ನ ಕಡೆಗೆ ತಿರುಗಿದಳು.

“ಅಜ್ಜಾ, ಸರಿ ಆತ, ಇಲ್ಯ?”

“ನನ್ನ ಎಂತಕ್ಕೆ ಕೇಳ್ತೆ ಕೂಸೇ? ಗುಣಿಸಿ ನೋಡು.”

ಅವಳು ಗುಣಿಸಿದಳು. ಯ² ಬಂದಿತು, 8ಯ ಮತ್ತು 3ಯ ಕೂಡಿ 11ಯ ಆಯಿತು, 24 ಬಂದಿತು. ಆಮೇಲೆ ಅವಳು ನನ್ನ ಕಡೆಗೆ ತಿರುಗಿ ನೋಡಲಿಲ್ಲ. ಮುಂದಿನ ಲೆಕ್ಕಕ್ಕೆ ಹೋದಳು. ಮುಂದಿನದು ಯ² − 5ಯ − 24. ಅಲ್ಲಿಯೂ ಮೂರು-ಎಂಟುಗಳೇ, ಆದರೆ ಒಂದು ಧನ, ಒಂದು ಋಣ. ಎಂಟಕ್ಕೆ ಋಣವೋ ಮೂರಕ್ಕೆ ಋಣವೋ ಎಂಬ ಪ್ರಶ್ನೆಗೂ ಅವಳು ನನ್ನನ್ನು ಕೇಳದೆ, ಮೂರಕ್ಕೆ ಕೊಟ್ಟು ಗುಣಿಸಿ, ಮಧ್ಯಪದವು + 5ಯ ಬಂದುದನ್ನು ಕಂಡು, ಎಂಟಕ್ಕೆ ಬದಲಾಯಿಸಿದಳು. ನಾನು ಅನಗತ್ಯನಾದೆನು. ಶಿಕ್ಷಕನ ಜೀವನದಲ್ಲಿ ಇದಕ್ಕಿಂತ ಸುಖವಾದ ಅವಸ್ಥೆ ಇನ್ನೊಂದಿಲ್ಲ.

ಶಾಲೆಯಲ್ಲಿ ನಾವು ಕಲಿಸುವ ವಿಷಯಗಳನ್ನು ಒಮ್ಮೆ ಪರಿಶೀಲಿಸಿ ನೋಡಿರಿ. ಯುದ್ಧವು ಇಂಥ ಇಸವಿಯಲ್ಲಿ ನಡೆಯಿತೆಂದರೆ ಮಗು ನಂಬಬೇಕು. ಇಂಥ ದೇಶದ ರಾಜಧಾನಿ ಇಂಥದೆಂದರೆ ನಂಬಬೇಕು. ಸಂಧಿಯು ಲೋಪವೋ ಆಗಮವೋ ಎಂಬುದರಲ್ಲಿಯೂ ಕಡೆಯ ಮಾತು ಮಾಸ್ತರರದೇ. ಮನೆಗೆ ಬಂದರೆ ಮುಹೂರ್ತವನ್ನು ಪಂಚಾಂಗವೂ, ಔಷಧವನ್ನು ವೈದ್ಯನೂ, ಮಿಕ್ಕುದೆಲ್ಲವನ್ನು ಹಿರಿಯರೂ ನಿಶ್ಚಯಿಸುವರು. ನಂಬುವುದು ತಪ್ಪೆಂದು ನಾನು ಹೇಳುತ್ತಿಲ್ಲ, ನಂಬದೆ ವಿದ್ಯೆಯಿಲ್ಲ. ಊಹೆ ಮಾಡುವುದಂತೂ ಉಳಿದ ಪಾಠಗಳಲ್ಲಿ ಅಪರಾಧ. ಆದರೆ ದ್ವಿಪದಗಳ ಅಪವರ್ತನದಲ್ಲಿ ಊಹೆಯೇ ವಿಹಿತವಾದ ಮಾರ್ಗ, ಏಕೆಂದರೆ ಊಹೆಯನ್ನು ತೂಗಿ ನೋಡುವ ತಕ್ಕಡಿ ಊಹಿಸಿದವನ ಕೈಯಲ್ಲಿಯೇ ಇದೆ. ಹುಡುಕುವುದು ಕಷ್ಟ, ಪರೀಕ್ಷಿಸುವುದು ಸುಲಭ. ಈ ಎರಡರ ನಡುವಣ ಅಂತರದಲ್ಲಿಯೇ ಹದಿಮೂರು ಹದಿನಾಲ್ಕು ವರ್ಷದ ಒಂದು ಜೀವವು ಮೊತ್ತಮೊದಲ ಬಾರಿಗೆ, ಯಾರ ಅನುಮತಿಯನ್ನೂ ಬೇಡದೆ, ಇದು ಸತ್ಯವೆಂದು ತಾನೇ ಹೇಳಬಲ್ಲ ಸ್ಥಿತಿಗೆ ಬರುವುದು. ಮುಂದೆ ಜೀವಮಾನದಲ್ಲಿ ಯ² ಎಂಬುದನ್ನು ಅದು ಮತ್ತೆ ಬರೆಯದಿದ್ದರೂ ಚಿಂತೆಯಿಲ್ಲ. ಈ ಒಂದು ಅಭ್ಯಾಸಕ್ಕಾಗಿಯೇ ಆ ಅಧ್ಯಾಯವು ಪುಸ್ತಕದಲ್ಲಿರಲು ಅರ್ಹವಾದುದು.

ಹುಡುಕುವುದಕ್ಕೂ ಪರೀಕ್ಷಿಸುವುದಕ್ಕೂ ನಡುವೆ ಇರುವ ಈ ಅಂತರವು ಶಾಲೆಯ ಗೋಡೆಗಳ ಹೊರಗೂ ಬೆಲೆಯುಳ್ಳದ್ದು. ಇಂದು ಹೊನ್ನಾವರದ ಮೀನುಪೇಟೆಯಲ್ಲಿ ಬಂಗಡೆ ಮಾರುವ ಹೆಂಗಸೂ ಫೋನಿನ ಮೂಲಕ ಹಣ ಪಡೆಯುತ್ತಾಳೆ. ಅಂತರಜಾಲದ ವ್ಯವಹಾರವನ್ನು ಕಾಯುವ ಬೀಗಗಳಲ್ಲಿ ಬಹುಪ್ರಸಿದ್ಧವಾದ ಒಂದನ್ನು ರಿವೆಸ್ಟ್, ಶಮೀರ್, ಆಡಲ್ಮನ್ ಎಂಬ ಮೂವರು 1977ರಲ್ಲಿ ರಚಿಸಿದರು. ಎರಡು ಬೃಹತ್ತಾದ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಕ್ಷಣದ ಕೆಲಸ, ಗುಣಲಬ್ಧದಿಂದ ಅವನ್ನು ಮರಳಿ ಪಡೆಯುವುದು ದುಸ್ಸಾಧ್ಯ ಎಂಬುದೇ ಅದರ ಬಲ. 250 ಅಂಕಿಗಳ ಅಂಥ ಒಂದು ಸಂಖ್ಯೆಯನ್ನು ಒಡೆಯಲು 2020ರಲ್ಲಿ ಅಸಂಖ್ಯ ಗಣಕಯಂತ್ರಗಳು ಸೇರಿ ಶ್ರಮಿಸಬೇಕಾಯಿತು. ಬೀಗವನ್ನು ಮಾಡುವವನು ಎರಡು ಅವಿಭಾಜ್ಯಗಳನ್ನು ತೀರ ಹತ್ತಿರ ಹತ್ತಿರದಲ್ಲಿ ಆರಿಸಿಕೊಂಡನೋ, ಯಂತ್ರಗಳ ಆ ಸೈನ್ಯವೇ ಬೇಡ. ಅವೆರಡರ ನಡುವಣ ಸಂಖ್ಯೆಯು ಗುಣಲಬ್ಧದ ವರ್ಗಮೂಲದ ಪಕ್ಕದಲ್ಲಿಯೇ ಇರುವುದರಿಂದ, 1356ರ ನಾರಾಯಣ ಪಂಡಿತನ ಉಪಾಯವೇ ಅದನ್ನು ತೆರೆಯಲು ಸಾಕಾಗುವುದು.

ಒಡೆಯದ ಉಕ್ತಿಗಳೂ ಉಂಟೆಂಬುದನ್ನು ಹೇಳದೆ ಮುಗಿಸಿದರೆ ವಿಷಯಕ್ಕೆ ಅನ್ಯಾಯವಾಗುವುದು. ಯ² − 4 ಎಂಬುದು ಮುಟ್ಟಿದೊಡನೆ (ಯ + 2)(ಯ − 2) ಎಂದು ತೆರೆದುಕೊಳ್ಳುವುದು; ಯ² + 4 ಎಂಬುದೋ, ನಮಗೆ ಪರಿಚಿತವಾದ ಸಂಖ್ಯೆಗಳಲ್ಲಿ ಎಷ್ಟು ಊಹಿಸಿದರೂ ತೆರೆಯದು. ಮಕ್ಕಳು ಇದನ್ನು ತಮ್ಮ ಅಸಾಮರ್ಥ್ಯವೆಂದು ತಿಳಿದು ಖಿನ್ನರಾಗುವರು. ಒಡೆಯದೆಂದು ಕಾರಣಸಹಿತ ಹೇಳುವುದೂ ಪೂರ್ಣವಾದ ಉತ್ತರವೇ ಎಂದು ಅವರಿಗೆ ತಿಳಿಸಬೇಕು. ಹಾಗೆಂದು ಕೂಡುವ ಚಿಹ್ನೆಯನ್ನು ಕಂಡಲ್ಲೆಲ್ಲ ಕೈಚೆಲ್ಲುವುದೂ ತರವಲ್ಲ. ಯ⁴ + 4 ಎಂಬುದು ನೋಟಕ್ಕೆ ಅಷ್ಟೇ ಹಟಮಾರಿ; ಆದರೆ ಅದಕ್ಕೆ ಇಲ್ಲದ ಮಧ್ಯಪದವಾದ 4ಯ²ವನ್ನು ಕೂಡಿ, ಕೂಡಿದುದನ್ನು ಒಡನೆಯೇ ಕಳೆದರೆ, (ಯ² + 2)² − (2ಯ)² ಎಂದಾಗಿ, ಬಟ್ಟೆಯಂಗಡಿಯ ನ್ಯಾಯಕ್ಕೆ ಒಳಪಟ್ಟು, (ಯ² + 2ಯ + 2)(ಯ² − 2ಯ + 2) ಎಂದು ಎರಡಾಗುವುದು. ಫ್ರಾನ್ಸಿನ ಸೋಫಿ ಜರ್ಮೇನ್ ಎಂಬ ವಿದುಷಿಯ ಹೆಸರಿನಿಂದ ಪ್ರಸಿದ್ಧವಾದ ಯುಕ್ತಿಯಿದು. ಯ ಎಂದರೆ ಹತ್ತೆಂದಿಟ್ಟುಕೊಂಡರೆ 10004 = 122 × 82; ನಂಬಬೇಡಿರಿ, ಗುಣಿಸಿ ನೋಡಿರಿ.

ಪಠ್ಯಪುಸ್ತಕಗಳ ಕೊನೆಯ ಪುಟಗಳಲ್ಲಿ ಉತ್ತರಗಳನ್ನು ಅಚ್ಚುಹಾಕುವ ಪದ್ಧತಿಯಿದೆಯಷ್ಟೆ. ಬೇರೆ ಅಧ್ಯಾಯಗಳಿಗೆ ಅದು ಇರಲಿ, ಅಪವರ್ತನದ ಅಧ್ಯಾಯಕ್ಕೆ ಮಾತ್ರ ಅದು ಕಾಗದದ ಅಪವ್ಯಯವೆಂದು ನಾನು ಬಹುಕಾಲ ವಾದಿಸುತ್ತ ಬಂದೆನು. ಈ ವಾದಕ್ಕೆ ಒಂದು ತಿದ್ದುಪಡಿಯನ್ನು ಒದಗಿಸಿದವಳು ಮತ್ತೆ ಆ ಮೊಮ್ಮಗಳೇ. ಯ⁴ − 16 ಎಂಬುದನ್ನು ಅವಳು (ಯ² + 4)(ಯ² − 4) ಎಂದು ಒಡೆದು, ಗುಣಿಸಿ ನೋಡಿ, ಸರಿಯೆಂದು ಗೆರೆ ಎಳೆದಳು. ಗುಣಾಕಾರವು ಅವಳಿಗೆ ಸುಳ್ಳು ಹೇಳಲಿಲ್ಲ. ಬರೆದುದು ಸರಿಯಾಗಿಯೇ ಇದ್ದಿತು. ಆದರೆ ಎರಡನೆಯ ಆವರಣದೊಳಗಿನ ಯ² − 4 ಇನ್ನೂ ಒಡೆಯದೆ ಕುಳಿತಿದ್ದಿತು. ಸರಿಯಾಯಿತೆಂಬುದು ಒಂದು, ಮುಗಿಯಿತೆಂಬುದು ಇನ್ನೊಂದು. ಮೊದಲನೆಯದನ್ನು ತಕ್ಕಡಿ ಹೇಳಬಲ್ಲುದು, ಎರಡನೆಯದನ್ನು ಹೇಳಲಾರದು. “ಮುಗತ್ತಾ?” ಎಂದು ಮಾತ್ರ ಕೇಳಿದೆ. ಅವಳು ಪಟ್ಟಿಯನ್ನು ಮತ್ತೊಮ್ಮೆ ನೋಡಿ, ನಾಲಗೆ ಕಚ್ಚಿಕೊಂಡು, ಎಳೆದ ಗೆರೆಯ ಕೆಳಗೆ ಇನ್ನೊಂದು ಸಾಲನ್ನು ಬರೆದಳು. ನಿವೃತ್ತನಾದ ಮಾಸ್ತರನಿಗೆ ಇಷ್ಟು ಉದ್ಯೋಗವಾದರೂ ಮನೆಯಲ್ಲಿ ಉಳಿದಿರುವುದು ನನಗೆ ಸಮಾಧಾನದ ವಿಷಯ. ಅವಳೂ ಸ್ವಲ್ಪ ಕಾಲದಲ್ಲಿ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲು ಕಲಿತು, ಆ ಉದ್ಯೋಗವನ್ನೂ ನನ್ನಿಂದ ಕಸಿದುಕೊಳ್ಳುವಳೆಂದು ನನಗೆ ಪೂರ್ಣ ಭರವಸೆಯುಂಟು.